16 ಜಿಬಿ ರ‍್ಯಾಮ್ ಲ್ಯಾಪ್‌ಟಾಪಲ್ಲಿ ಲಿನೇಜ್ ಓಎಸ್ ಬಿಲ್ಡ್ ಆಗುತ್ತಾ? ಎರರ್ ಕೂಡ ಬರಲ್ಲ, ಟರ್ಮಿನಲ್ಲೇ ಮಾಯ

ತುಂಗಾತೀರ:

ಎಲ್ರಿಗೂ ನಮಸ್ಕಾರ. ಮನೇಲಿ ಒಂದು ಪೋಕೋ ಎಫ್1 ಇದೆ, 2018ರ ಫೋನು, ಬ್ಯಾಟರಿ ಹೊಸದು ಹಾಕ್ಸಿದೀನಿ, ಮಿಕ್ಕಿದ್ದೆಲ್ಲ ಗಟ್ಟಿಮುಟ್ಟಾಗಿದೆ. ಸ್ನಾಪ್‌ಡ್ರ್ಯಾಗನ್ 845 ಅಲ್ವಾ, ಇವತ್ತಿಗೂ ಓಡುತ್ತೆ. ಆದ್ರೆ ಅಫಿಶಿಯಲ್ ಅಪ್‌ಡೇಟು ಆಂಡ್ರಾಯ್ಡ್ 10ಕ್ಕೇ ನಿಂತೋಯ್ತು. ಇದನ್ನ ಅಪ್ಪಂಗೆ ಕೊಡೋಣ ಅಂತ, ಹಾಗೇ ಕೊಡೋ ಬದ್ಲು ಲಿನೇಜ್ ಓಎಸ್‌ನ (ಆಂಡ್ರಾಯ್ಡ್ ಸೋರ್ಸ್ ಮೇಲೆ ಸಮುದಾಯದವ್ರು ಕಟ್ಟಿರೋ ಓಎಸ್ಸು) ಸೋರ್ಸಿಂದ ನಾನೇ ಬಿಲ್ಡ್ ಮಾಡಿ, ಆನ್ ಮಾಡಿದ ತಕ್ಷಣ ಕನ್ನಡ ಬರೋ ಥರ, ಬೇಡದ ಆಪ್ ತೆಗ್ದು, ಸ್ಕ್ರೀನು ಅಷ್ಟು ಬೇಗ ಆಫ್ ಆಗ್ದೇ ಇರೋ ಥರ ಮಾಡಿ ಕೊಡ್ಬೇಕು ಅಂತ ಆಸೆ. ಬೂಟ್‌ಲೋಡರ್ ಅನ್‌ಲಾಕ್ ಆಗಿದೆ, ಅಂದ್ರೆ ಬೇರೆ ಓಎಸ್ ಹಾಕೋಕೆ ಬೀಗ ತೆಗ್ದಿದೆ.

ಲ್ಯಾಪ್‌ಟಾಪು 8 ಕೋರ್, 16 ಜಿಬಿ ರ‍್ಯಾಮ್, 1 ಟಿಬಿ ಎಸ್‌ಎಸ್‌ಡಿ, ಉಬುಂಟು 22.04. ಲಿನೇಜ್ 21 ಬ್ರಾಂಚ್ ತಗೊಂಡಿದೀನಿ, ಅಂದ್ರೆ ಆಂಡ್ರಾಯ್ಡ್ 14. ರೆಪೋ ಸಿಂಕ್ (ಸೋರ್ಸೆಲ್ಲ ಇಳಿಸ್ಕೊಳ್ಳೋದು) ಹೇಗೋ ಮುಗೀತು, ನಡುವೆ ರಿಕ್ವೆಸ್ಟ್ ಜಾಸ್ತಿ ಆಯ್ತು ಅನ್ನೋ 429 ಎರರ್ ಬಂತು, ಜಾಬ್ಸ್ (ಒಟ್ಟಿಗೇ ಓಡೋ ಕೆಲಸಗಳು) ಕಮ್ಮಿ ಮಾಡ್ದೆ, ಹೋಯ್ತು. ಈಗ ಬ್ರಂಚ್ ಬೆರಿಲಿಯಂ (ಬ್ರಂಚ್ ಅನ್ನೋದು ಬಿಲ್ಡ್ ಕಮಾಂಡು, ಬೆರಿಲಿಯಂ ಈ ಫೋನಿನ ಕೋಡ್‌ನೇಮು) ಅಂತ ಕೊಟ್ರೆ ಸ್ವಲ್ಪ ಹೊತ್ತು ಚೆನ್ನಾಗೇ ಓಡುತ್ತೆ, ಫ್ಯಾನು ಕಿರ್ರಂತ ಶುರುವಾಗುತ್ತೆ, ಮೌಸ್ ಸ್ಟಕ್ ಆಗುತ್ತೆ, ಆಮೇಲೆ ಟರ್ಮಿನಲ್ ವಿಂಡೋನೇ ಇರಲ್ಲ. ಎರರ್ ಇಲ್ಲ, ಏನಿಲ್ಲ. ಮತ್ತೆ ಓಪನ್ ಮಾಡಿ ಮತ್ತೆ ಕೊಟ್ರೆ ಅದೇ ಕಥೆ.

ಲ್ಯಾಪ್‌ಟಾಪ್ ಸಾಲಲ್ಲ ಅಂತಾನಾ ಅಥವಾ ನಾನು ಏನಾದ್ರೂ ಬಿಟ್ಟಿದೀನಾ? ಇನ್ನೊಂದು, ಬಿಲ್ಡ್‌ಗೆ ಮುಂಚೆ ಫೋನ್ ಕನೆಕ್ಟ್ ಮಾಡಿ ಅದ್ರಿಂದ ಫೈಲ್ಸ್ ಎಕ್ಸ್‌ಟ್ರಾಕ್ಟ್ ಮಾಡಿ ಅಂತ ವಿಕಿಯಲ್ಲಿದೆ, ಮಾಡ್ದೆ, ಆದ್ರೆ ಓಪನ್ ಸೋರ್ಸು ಅಂದ್ಮೇಲೆ ಫೋನಿಂದ ಯಾಕೆ ಎತ್ಕೋಬೇಕು ಅಂತ ಅರ್ಥ ಆಗ್ಲಿಲ್ಲ.

ನಿದ್ದೆಗೆಟ್ಟವ:

ಟರ್ಮಿನಲ್ ಮಾಯ ಆಗ್ತಿದೆ ಅಂದ್ರಲ್ಲ, ಅದ್ರಲ್ಲೇ ಉತ್ತರ ಇದೆ. ಇದು ಬಿಲ್ಡ್ ತಪ್ಪಲ್ಲ, ಉಬುಂಟು 22.04ರಿಂದ ಸಿಸ್ಟಂಡಿ ಊಮ್‌ಡಿ ಅನ್ನೋ ಸರ್ವೀಸ್ ಡೀಫಾಲ್ಟ್ ಆಗಿ ಆನ್ ಇರುತ್ತೆ. ಮೆಮೊರಿ ಬಿಗಿಯಾದಾಗ ಹಳೇ ಕರ್ನಲ್ ಊಮ್ (ಔಟ್ ಆಫ್ ಮೆಮೊರಿ) ಕಿಲ್ಲರ್ ಆದ್ರೆ ಒಂದು ಪ್ರೊಸೆಸ್ ನೋಡಿ ಸಾಯ್ಸುತ್ತೆ, ನಿಮಗೆ ಕಿಲ್ಡ್ ಅಂತಾನೋ 137 ಅಂತಾನೋ ಏನೋ ಒಂದು ಕಾಣುತ್ತೆ. ಈ ಮಹಾಶಯ ಹಾಗಲ್ಲ, ಇಡೀ ಸಿಗ್ರೂಪನ್ನೇ, ಅಂದ್ರೆ ಪ್ರೊಸೆಸ್‌ಗಳ ಗುಂಪನ್ನೇ ಮುಗಿಸ್ತಾನೆ. ನಿಮ್ಮ ಟರ್ಮಿನಲ್ಲು, ಅದ್ರೊಳಗಿನ ಬಿಲ್ಡು ಎಲ್ಲ ಒಂದೇ ಗ್ರೂಪು, ಒಟ್ಟಿಗೇ ಹೋಗುತ್ತೆ. ಅದಕ್ಕೇ ಎರರ್ ಓದೋಕೂ ಏನೂ ಉಳಿಯಲ್ಲ. ಜರ್ನಲ್‌ಸಿಟಿಎಲ್‌ನಲ್ಲಿ ಆ ಸರ್ವೀಸ್ ಹೆಸರು ಕೊಟ್ಟು ನೋಡಿ, ಯಾವುದನ್ನ ಯಾವಾಗ ಸಾಯಿಸ್ತು ಅಂತ ಬರ್ದಿರುತ್ತೆ.

ಬಿಲ್ಡ್ ಮುಗಿಯೋವರ್ಗೂ ಅದನ್ನ ಸ್ಟಾಪ್ ಮಾಡಿಡಿ. ಆದ್ರೆ ಬರೀ ಅದನ್ನ ನಿಲ್ಸಿದ್ರೆ ಸಾಕಾಗಲ್ಲ, ಮೆಮೊರಿ ನಿಜವಾಗ್ಲೂ ಸಾಲ್ತಿಲ್ಲ, ಆಗ ಕರ್ನಲ್ಲೇ ಸಾಯ್ಸುತ್ತೆ. ಗೂಗಲ್‌ನೋರು ಎಒಎಸ್‌ಪಿಗೆ (ಆಂಡ್ರಾಯ್ಡ್‌ನ ಮೂಲ ಓಪನ್ ಸೋರ್ಸ್ ಕೋಡು) ಕೇಳೋದು 64 ಜಿಬಿ ರ‍್ಯಾಮು, 400 ಜಿಬಿ ಖಾಲಿ ಡಿಸ್ಕು. ಅವ್ರದ್ದು 72 ಕೋರ್ ಮಷೀನಲ್ಲಿ 40 ನಿಮಿಷದಲ್ಲಿ ಆಗುತ್ತಂತೆ, ಆ ಲೆಕ್ಕ ನಮಗ್ಯಾಕೆ ಬಿಡಿ. ನಿಮ್ಮ ಎಸ್‌ಎಸ್‌ಡಿ 1 ಟಿಬಿ ಇದೆಯಲ್ಲ, ಅದ್ರಲ್ಲಿ 40, 50 ಜಿಬಿ ಸ್ವಾಪ್ ಫೈಲ್ (ಮೆಮೊರಿ ಸಾಲದಾಗ ಬಳಸೋ ಡಿಸ್ಕಿನ ಜಾಗ) ಮಾಡ್ಕೊಳ್ಳಿ. ಉಬುಂಟು ತಾನೇ ಹಾಕೋ ಪುಟಾಣಿ ಸ್ವಾಪು ಯಾವ ಮೂಲೆಗೂ ಸಾಲಲ್ಲ. ಜೊತೆಗೆ ಮೆಮೊರಿ ಒಳಗಿನ ಡೇಟಾ ಕಂಪ್ರೆಸ್ ಮಾಡಿಡೋ ಝಡ್‌ರ‍್ಯಾಮ್ ಕೂಡ ಆನ್ ಮಾಡಿ.

ಆಮೇಲೆ ಬ್ರಂಚ್ ಬಿಡಿ. ಅದು ಇರೋ ಕೋರ್ ಎಲ್ಲಾನೂ ಒಟ್ಟಿಗೇ ಹಿಡ್ಕೊಳ್ಳುತ್ತೆ. ಮೊದ್ಲು ಫೋನ್ ಆರಿಸೋ ಬ್ರೇಕ್‌ಫಾಸ್ಟ್ ಬೆರಿಲಿಯಂ, ಆಮೇಲೆ ಬಿಲ್ಡ್ ಮಾಡೋ ಎಂ ಬೇಕನ್ ಕೊಡುವಾಗ ಜಾಬ್ಸ್ 4 ಅಂತ ಹಾಕಿ (ತಿಂಡಿ ಹೆಸರುಗಳೆಲ್ಲ ಲಿನೇಜ್‌ಗೆ ಮುಂಚೆ ಇದ್ದ ಸಯನೋಜನ್‌ಮಾಡ್ ಕಾಲದಿಂದ ಬಂದಿದ್ದು, ಯಾರೋ ಹಸ್ಕೊಂಡು ಕೋಡ್ ಬರ್ದಿರ್ಬೇಕು). 16 ಜಿಬಿ ಇಟ್ಕೊಂಡು ಅಷ್ಟೂ ಥ್ರೆಡ್ ಓಡ್ಸೋದು ಒಂದೇ ಒಲೆ ಮೇಲೆ ಇಡೀ ಮದ್ವೆ ಮನೆ ಪಾತ್ರೆ ಇಟ್ಟಂಗೆ, ಯಾವ್ದೂ ಬೇಯಲ್ಲ.

ಒಂದು ವಿಷ್ಯ ನೆನಪಿಟ್ಕೊಳ್ಳಿ, ಜಾಬ್ಸ್ ಕಮ್ಮಿ ಮಾಡಿದ್ರೂ ಶುರುವಿನಲ್ಲಿ ಒಂದು ಕಡೆ ಒದ್ದಾಡುತ್ತೆ. ಸೂಂಗ್ ಅಂತ ಇದೆಯಲ್ಲ, ಅದು ಕಂಪೈಲ್ ಶುರು ಆಗೋಕೆ ಮುಂಚೆ ಇಡೀ ಟ್ರೀಯಲ್ಲಿರೋ ಬಿಲ್ಡ್ ಫೈಲ್‌ಗಳನ್ನೆಲ್ಲ ಓದಿ ನಿಂಜಾ ಫೈಲ್ (ಏನೇನು ಹೇಗೆ ಕಂಪೈಲ್ ಮಾಡ್ಬೇಕು ಅನ್ನೋ ಪಟ್ಟಿ) ಬರೆಯುತ್ತೆ. ಒಂದೇ ಪ್ರೊಸೆಸ್ಸು, ನಿಮ್ಮ ರ‍್ಯಾಮಿನ ಬಹುಪಾಲು ಅದೊಂದೇ ನುಂಗುತ್ತೆ, ಅಲ್ಲಿ ಜಾಬ್ಸ್ ನಂಬರ್ ಏನೂ ಮಾಡಲ್ಲ, ಸ್ವಾಪೇ ಗತಿ. ಅದನ್ನ ದಾಟಿದ್ರೆ ಮುಂದೆ ಮೆಟಲಾವಾ (ಜಾವಾ ಎಪಿಐ ಪರಿಶೀಲಿಸೋ ಟೂಲು) ಹತ್ರ ಇನ್ನೊಂದು ಸಲ ಏರುತ್ತೆ. ಆವಾಗ ಬ್ರೌಸರ್ ಕ್ಲೋಸ್ ಮಾಡಿ ಎದ್ದು ಹೋಗಿ.

ಸಿಕ್ಯಾಶ್ (ಒಮ್ಮೆ ಕಂಪೈಲ್ ಆಗಿದ್ದನ್ನ ಉಳಿಸಿಡೋ ಟೂಲು) ಹಾಕಿದೀರಾ? ಇಲ್ಲ ಅಂದ್ರೆ ಮೊದಲ ಬಿಲ್ಡ್‌ಗೇ ಹಾಕಿ, 50 ಜಿಬಿ ಕೊಡಿ. ಮೊದ್ಲ ಸಲ ಏನೂ ಲಾಭ ಕಾಣಲ್ಲ, ಎರಡ್ನೇ ಸಲಕ್ಕೆ ಸಿ, ಸಿ ಪ್ಲಸ್ ಪ್ಲಸ್ ಭಾಗ ಬೇಗ ಮುಗಿಯುತ್ತೆ. ಜಾವಾ ಭಾಗಕ್ಕೆ ಅದ್ರಿಂದ ಏನೂ ಆಗಲ್ಲ.

ಕೆರೆದಂಡಿ_ಧಾರವಾಡ:

ಎಲ್ಲಾ ಸರಿ ಐತ್ರಿ, ಆದ್ರ ನಾ ಒಂದ್ ಮಾತ್ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಅಪ್ಪಾರಿಗೆ ಕನ್ನಡ ಫೋನ್ ಬೇಕು ಅಂದ್ರ ಇಷ್ಟೆಲ್ಲಾ ಯಾಕ್ ಬೇಕ್ರಿ? ಬೆರಿಲಿಯಂಗ ಲಿನೇಜ್‌ನವರದ್ದ ಅಫಿಶಿಯಲ್ ಬಿಲ್ಡ್ ಐತಿ, ಅವರ ಕೀಲೇನ ಸೈನ್ ಆಗಿರ್ತೈತಿ, ಅದನ್ನ ಹಾಕ್ರಿ, ಸೆಟಪ್‌ನ್ಯಾಗ ಮೊದಲನೇ ಪುಟದಾಗ ಭಾಷಾ ಕೇಳ್ತೈತಿ, ಕನ್ನಡ ಒತ್ರಿ, ಮುಗೀತು. ಆಂಡ್ರಾಯ್ಡ್‌ನ್ಯಾಗ ಕನ್ನಡ 2014ರಾಗ 5.0 ಬಂದಾಗಿಂದ ಐತಿ, ನೀವೇನ್ ಹೊಸದಾಗಿ ಸೇರಿಸೂದಿಲ್ಲ. ಬ್ಯಾಡಾದ ಆಪ್ ಎಡಿಬಿಲೆ (ಕಂಪ್ಯೂಟರಿನಿಂದ ಫೋನಿಗೆ ಕಮಾಂಡ್ ಕೊಡು ಟೂಲು) ಆ ಯೂಸರ್‌ಗ ಅಷ್ಟ ಅನ್‌ಇನ್‌ಸ್ಟಾಲ್ ಮಾಡಬಹುದು. ಸ್ಕ್ರೀನ್ ಟೈಮ್‌ಔಟ್ ಅಂತೂ ಸೆಟ್ಟಿಂಗ್ಸ್‌ನ್ಯಾಗ ಐತಿ.

ನಾ ಹೇಳೂದು ಬ್ಯಾರೆನ. ಬಿಲ್ಡ್ ಒಮ್ಮೆ ಮಾಡೂದು ದೊಡ್ಡ ಮಾತಲ್ರಿ. ಆಮ್ಯಾಗ ಸೆಕ್ಯೂರಿಟಿ ಪ್ಯಾಚ್ ಬರ್ತಾವಲ್ಲ, ಒಂದಾದ ಮ್ಯಾಲ ಒಂದು, ಆವಾಗ ಮತ್ತ ಸಿಂಕು, ಮತ್ತ ಬಿಲ್ಡು, ಮತ್ತ ಅಪ್ಪಾರ ಫೋನ್ ಇಸ್ಕೊಂಡು ಫ್ಲ್ಯಾಶು. ಅಫಿಶಿಯಲ್ ಬಿಲ್ಡ್ ಆದ್ರ ಅಪ್‌ಡೇಟರ್‌ನ್ಯಾಗ ತಾನ ಬರ್ತೈತಿ, ನಿಮ್ಮ ಸ್ವಂತ ಬಿಲ್ಡ್‌ಗ ಆ ಸೌಕರ್ಯ ಇಲ್ಲ, ಸರ್ವರ್‌ನೂ ನೀವ, ಮೇಂಟೇನರ್‌ನೂ ನೀವ. ಕೆಲಸದ ಗಡಿಬಿಡ್ಯಾಗ ಎರಡು ತಿಂಗಳು ಬಿಟ್ರೆಂದ್ರ ಹಳೇ ಪ್ಯಾಚ್ ಮ್ಯಾಲ ಅವರು ಓಡಸ್ಕೋತ ಕುಂಡ್ರತಾರ.

ಕಲೀಲಿಕ್ಕೆ ಮಾಡ್ತೀನಿ ಅಂದ್ರ ಮಾಡ್ರಿ, ಛಲೋ ಐತಿ, ಆದ್ರ ಕಲಿಯು ಫೋನು ಬ್ಯಾರೆ, ಅಪ್ಪಾರ ಫೋನು ಬ್ಯಾರೆ ಇರಲಿ.

ತುಂಗಾತೀರ:

@ನಿದ್ದೆಗೆಟ್ಟವ ಥ್ಯಾಂಕ್ಸ್ ಗುರು, ಜರ್ನಲ್ ನೋಡ್ದೆ, ಹೌದು, ಊಮ್‌ಡಿನೇ, ಗ್ನೋಮ್ ಟರ್ಮಿನಲ್‌ನ ಸ್ಕೋಪ್ ಹೆಸರು ಹಾಕಿ ಕಿಲ್ಡ್ ಅಂತ ಬರ್ದಿದೆ. ಸ್ವಾಪ್ ಮಾಡ್ಕೊಂಡು ನೋಡ್ತೀನಿ.

@ಕೆರೆದಂಡಿ ಸಿಟ್ಟೇನಿಲ್ಲ ಸರ್, ನೀವು ಹೇಳೋದು ಸರಿ ಇದೆ. ನಿಜ ಹೇಳ್ಬೇಕು ಅಂದ್ರೆ ಅಪ್ಪ ಒಂದು ನೆಪ, ಒಳಗೆ ಹೇಗಿರುತ್ತೆ ಅಂತ ನೋಡ್ಬೇಕು ಅನ್ನೋದೇ ಜಾಸ್ತಿ. ಆದ್ರೂ ಸೆಟ್ಟಿಂಗ್ಸಲ್ಲಿ ಬದ್ಲಾಯ್ಸೋದು ಬೇರೆ, ಫ್ಯಾಕ್ಟರಿ ರೀಸೆಟ್ ಹೊಡೆದ್ರೂ ಕನ್ನಡದಲ್ಲೇ ಬರೋದು ಬೇರೆ ಅಲ್ವಾ, ಅದು ಸೋರ್ಸಲ್ಲಿ ಎಲ್ಲಿ ಬದ್ಲಾಯ್ಸೋದು ಅಂತ ಗೊತ್ತಿರೋರು ಹೇಳಿ.

ಹೊರನಾಡು_ಡೆವ್:

ಎಂಬೆಡೆಡ್ ಕೆಲಸ ಮಾಡೋನು ನಾನು, ಜರ್ಮನಿಯಲ್ಲಿದೀನಿ, ಆಫೀಸಲ್ಲಿ ಎಒಎಸ್‌ಪಿ ಜೊತೆನೇ ದಿನ ಬೆಳಗಾಗೋದು. ನಿಮ್ಮ ಎರಡ್ನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನನ್ನ ಪ್ರಕಾರ ಅದೇ ಮುಖ್ಯ ಪ್ರಶ್ನೆ.

ಆಂಡ್ರಾಯ್ಡ್ ಓಪನ್ ಸೋರ್ಸ್ ಅಂತೀವಲ್ಲ, ಅದ್ರಲ್ಲಿ ಎರಡು ಲೈಸೆನ್ಸ್ ಇದೆ. ಕೆಳಗಿರೋ ಲಿನಕ್ಸ್ ಕರ್ನಲ್ಲು ಜಿಪಿಎಲ್ ವರ್ಷನ್ 2. ಫೋನ್ ಮಾರಿದೋರು ಅದ್ರ ಸೋರ್ಸ್ ಕೊಡ್ಲೇಬೇಕು, ಅದಕ್ಕೇ ನಿಮಗೆ ಶವೋಮಿ ಎಸ್‌ಡಿಎಂ845 ಕರ್ನಲ್ ಟ್ರೀ ಸಿಕ್ಕಿರೋದು. ಮೇಲಿರೋ ಭಾಗ ಬಹುತೇಕ ಅಪಾಚೆ 2.0, ಅದನ್ನ ತಗೊಂಡು ಬದ್ಲಾಯ್ಸಿ ಮುಚ್ಚಿಟ್ಕೊಂಡ್ರೂ ಯಾರೂ ಕೇಳಂಗಿಲ್ಲ. ಕರ್ನಲ್ಲಿಗೂ ಫ್ರೇಮ್‌ವರ್ಕಿಗೂ ನಡುವೆ ಎಚ್‌ಎಎಲ್ ಅಂತ ಪದರ ಇದೆ, ಕ್ಯಾಮೆರಾ, ಫಿಂಗರ್‌ಪ್ರಿಂಟ್, ಅಡ್ರೀನೋ ಗ್ರಾಫಿಕ್ಸ್ ಲೈಬ್ರರಿ, ರೇಡಿಯೋ ಎಲ್ಲ ಅಲ್ಲಿ ಬರುತ್ತೆ, ಚಿಪ್ ಕಂಪನಿಗಳು ತಮ್ಮ ಜಾಣತನವನ್ನೆಲ್ಲ ಅಲ್ಲೇ ಇಟ್ಟಿರ್ತಾರೆ. ಅದಕ್ಕೆ ಸೋರ್ಸ್ ಇಲ್ಲ, ರೆಡಿ ಬೈನರಿ ಅಷ್ಟೇ, ಅದನ್ನೇ ಬ್ಲಾಬ್ ಅನ್ನೋದು. ಡಿವೈಸ್ ಟ್ರೀಯಲ್ಲಿ (ಈ ಫೋನಿಗೆ ಅಂತಲೇ ಇರೋ ಸೋರ್ಸ್ ಫೋಲ್ಡರು) ಪ್ರೊಪ್ರೈಟರಿ ಫೈಲ್ಸ್ ಅಂತ ಒಂದು ಟೆಕ್ಸ್ಟ್ ಫೈಲಿದೆ, ತೆಗ್ದು ನೋಡಿ, ಸಾಲು ಸಾಲಾಗಿ ಪಾತ್ ಇರುತ್ತೆ. ಎಕ್ಸ್‌ಟ್ರಾಕ್ಟ್ ಸ್ಕ್ರಿಪ್ಟು ಆ ಪಟ್ಟಿ ಹಿಡ್ಕೊಂಡು ನಿಮ್ಮ ಫೋನಿಂದ ಒಂದೊಂದೇ ಎತ್ಕೊಂಡು ಬಂದಿದೆ. ನೀವು ಕಂಪೈಲ್ ಮಾಡೋ ಇಮೇಜಲ್ಲಿ ಅವೆಲ್ಲ ಹಾಗ್ಹಾಗೇ ಕೂತ್ಕೊಳ್ತವೆ. ಇನ್ನು ಮೋಡೆಮ್ ಫರ್ಮ್‌ವೇರು, ಟ್ರಸ್ಟ್‌ಝೋನ್ (ಚಿಪ್ಪಿನ ಸುರಕ್ಷಿತ ಭಾಗದ ಸಾಫ್ಟ್‌ವೇರು) ಇವನ್ನಂತೂ ನಿಮ್ಮ ಬಿಲ್ಡ್ ಮುಟ್ಟೋದೂ ಇಲ್ಲ, ಅವು ಬೇರೆ ಪಾರ್ಟಿಷನ್‌ನಲ್ಲಿ ಫ್ಯಾಕ್ಟರಿಯಿಂದ ಬಂದಂಗೇ ಇರ್ತವೆ.

ಹಾಗಾಗಿ ಕೆರೆದಂಡಿಯವ್ರು ಹೇಳಿದ ಪ್ಯಾಚ್ ವಿಷ್ಯ ಇನ್ನೂ ಒಂದು ಸುತ್ತು ಕಷ್ಟ ಇದೆ. ನೀವು ಪ್ರತಿ ಸಲ ತಪ್ಪದೆ ಬಿಲ್ಡ್ ಮಾಡಿದ್ರೂ ಫ್ರೇಮ್‌ವರ್ಕ್ ಪ್ಯಾಚ್ ಮಾತ್ರ ಹೊಸದಾಗುತ್ತೆ. ಆ ಬ್ಲಾಬ್‌ಗಳು ಕೊನೇ ಅಫಿಶಿಯಲ್ ಅಪ್‌ಡೇಟ್ ಬಂದ ದಿನಕ್ಕೇ ನಿಂತಿವೆ. ಕರ್ನಲ್ಲೂ ನೋಡಿ, ಈ ಫೋನಿಂದು 4.9, ಕರ್ನಲ್ ಡಾಟ್ ಆರ್ಗ್‌ನವ್ರು ಆ ಸರಣಿಯನ್ನ ಜನವರಿ 2023ರಲ್ಲಿ ಮುಗ್ಸಿದ್ರು. ಅದ್ರ ಮೇಲೆ ಯಾರಾದ್ರೂ ಪುಣ್ಯಾತ್ಮರು ಹೊಸ ಫಿಕ್ಸ್‌ಗಳನ್ನ ಬ್ಯಾಕ್‌ಪೋರ್ಟ್ ಮಾಡಿದ್ರೆ, ಅಂದ್ರೆ ಹಳೇ ಕರ್ನಲ್ಲಿಗೆ ತಂದು ಕೂರಿಸಿದ್ರೆ ಉಂಟು. ಸೆಟ್ಟಿಂಗ್ಸಲ್ಲಿ ಸೆಕ್ಯೂರಿಟಿ ಪ್ಯಾಚ್ ಅಂತ ಹೊಸ ತಾರೀಕು ತೋರಿಸ್ತಲ್ಲ ಅಂತ ಇಡೀ ಫೋನ್ ಅಷ್ಟು ಹೊಸದು ಅಂದ್ಕೋಬೇಡಿ, ಲಿನೇಜ್‌ನವ್ರು ಟ್ರಸ್ಟ್ ಅನ್ನೋ ಪೇಜಲ್ಲಿ ವೆಂಡರ್ ಪ್ಯಾಚನ್ನ ಬೇರೆಯಾಗಿ ತೋರಿಸೋದು ಇದಕ್ಕೇ. (ನಿಜವಾಗ್ಲೂ ಇದ್ರಿಂದ ತಪ್ಪಿಸ್ಕೋಬೇಕು ಅಂದ್ರೆ ಪೋಸ್ಟ್‌ಮಾರ್ಕೆಟ್ ಓಎಸ್ ಅನ್ನೋ ಫೋನ್ ಲಿನಕ್ಸ್‌ನವ್ರು ಇದೇ ಫೋನಿಗೆ ಮೇನ್‌ಲೈನ್, ಅಂದ್ರೆ ಮೂಲ ಲಿನಕ್ಸ್ ಕರ್ನಲ್ ಓಡಿಸ್ತಿದಾರೆ, ನೋಡೋಕೆ ತುಂಬಾ ಚೆನ್ನಾಗಿದೆ, ಆದ್ರೆ ಅಪ್ಪನ ಕೈಗೆ ಕೊಡೋ ವಸ್ತು ಅಲ್ಲ ಅದು.)

ಈಗ ಕನ್ನಡದ ವಿಷ್ಯ. ಡಿವೈಸ್ ಫೋಲ್ಡರ್ ಒಳಗೆ ಶವೋಮಿ, ಅದ್ರೊಳಗೆ ಬೆರಿಲಿಯಂ, ಅಲ್ಲಿ ಲಿನೇಜ್ ಬೆರಿಲಿಯಂ ಅನ್ನೋ ಹೆಸರಲ್ಲಿ ಒಂದು ಡಾಟ್ ಎಂಕೆ ಫೈಲಿದೆ. ಅದ್ರಲ್ಲಿ ಪ್ರಾಡಕ್ಟ್ ಲೋಕೇಲ್ಸ್ ಅನ್ನೋ ವೇರಿಯೇಬಲ್‌ಗೆ ಕೆಎನ್ ಅಂಡರ್‌ಸ್ಕೋರ್ ಐಎನ್ ಕೊಡಿ, ಅದು ಭಾರತದ ಕನ್ನಡದ ಲೋಕೇಲ್ (ಭಾಷೆ, ದೇಶದ ಕೋಡು). ಆ ಪಟ್ಟಿಯಲ್ಲಿ ಯಾವ ಲೋಕೇಲ್ ಮೊದಲನೇದೋ ಅದೇ ಡೀಫಾಲ್ಟು. ಆದ್ರೆ ಜಾಗ ನೋಡ್ಕೊಂಡು ಬರೀಬೇಕು, ಇನ್‌ಹೆರಿಟ್ ಪ್ರಾಡಕ್ಟ್ ಅಂತ ಸಾಲುಗಳಿದಾವಲ್ಲ, ಅವುಗಳ ಮೇಲ್ಗಡೆ ಇರ್ಬೇಕು ನಿಮ್ಮ ಸಾಲು. ಎಒಎಸ್‌ಪಿಯ ಫುಲ್ ಬೇಸ್ ಫೈಲಲ್ಲೂ ಅದೇ ಕಾರಣಕ್ಕೆ ಅಮೆರಿಕನ್ ಇಂಗ್ಲಿಷನ್ನ ಮೊದ್ಲು ಇಟ್ಟು, ಆಮೇಲೆ ಉಳಿದ ಭಾಷೆಗಳ ಪಟ್ಟಿ ಇನ್‌ಹೆರಿಟ್ ಮಾಡಿದಾರೆ, ಪಕ್ಕದಲ್ಲಿ ಕಾಮೆಂಟೂ ಇದೆ. ನೀವು ಕೊನೇಲಿ ಬರ್ದ್ರೆ ಬಿಲ್ಡೇನೋ ಆಗುತ್ತೆ, ಫೋನು ಮಾತ್ರ ಇಂಗ್ಲಿಷಲ್ಲೇ ಎದ್ದೇಳುತ್ತೆ. ಫಾಂಟ್ ಬಗ್ಗೆ ತಲೆ ಕೆಡಿಸ್ಕೋಬೇಡಿ, ನೋಟೋ ಸಾನ್ಸ್ ಕನ್ನಡ ಟ್ರೀಯಲ್ಲೇ ಇದೆ. ಎಒಎಸ್‌ಪಿ ಕೀಬೋರ್ಡಲ್ಲೂ ಕನ್ನಡ ಲೇಔಟ್ ಇದೆ, ಪದ ಸೂಚಿಸೋ ವಿಷ್ಯದಲ್ಲಿ ಮಾತ್ರ ಜಾಸ್ತಿ ನಿರೀಕ್ಷೆ ಇಟ್ಕೋಬೇಡಿ.

ಸ್ಕ್ರೀನ್ ಟೈಮ್‌ಔಟು ಸೆಟ್ಟಿಂಗ್ಸ್ ಪ್ರೊವೈಡರ್‌ನ ಡೀಫಾಲ್ಟ್ಸ್ ಫೈಲಲ್ಲಿದೆ. ಮೂಲ ಫೈಲ್ ಮುಟ್ಬೇಡಿ, ಡಿವೈಸ್ ಟ್ರೀಯ ಓವರ್‌ಲೇ ಫೋಲ್ಡರಲ್ಲಿ ಅದೇ ಪಾತ್ ಮಾಡಿ ಆ ಒಂದು ಸಾಲು ಮಾತ್ರ ಬರೀರಿ, ಮಿಲಿಸೆಕೆಂಡ್ ಲೆಕ್ಕ, 5 ನಿಮಿಷ ಅಂದ್ರೆ 300000. ಮೂಲ ಫೈಲನ್ನೇ ತಿದ್ದಿದ್ರೆ ಮುಂದಿನ ಸಿಂಕಲ್ಲಿ ಕಾನ್‌ಫ್ಲಿಕ್ಟ್ ಬಂದು ಕೂರುತ್ತೆ, ಈ ಥರ ಹತ್ತು ಕಡೆ ತಿದ್ದಿಟ್ಕೊಂಡೋರು ಆಮೇಲೆ ಸಿಂಕ್ ಮಾಡೋದನ್ನೇ ಬಿಟ್ಬಿಡ್ತಾರೆ. ಆಪ್ ತೆಗೆಯೋದಕ್ಕೆ ಅಂತ ನೆಟ್ಟಗಿರೋ ದಾರಿ ಇಲ್ಲ, ಒಂದು ಖಾಲಿ ಮಾಡ್ಯೂಲ್ ಮಾಡಿ, ಅದು ಇಂತಿಂಥ ಪ್ಯಾಕೇಜ್‌ನ ಓವರ್‌ರೈಡ್ ಮಾಡುತ್ತೆ ಅಂತ ಬರ್ದು, ಅದನ್ನ ಪ್ರಾಡಕ್ಟ್ ಪ್ಯಾಕೇಜಸ್‌ಗೆ ಸೇರಿಸೋದು, ಎಲ್ರೂ ಮಾಡೋದು ಅದೇ.

ಕೊನೇದಾಗಿ ಕೀ. ಇದನ್ನ ಬಿಟ್ಬಿಡ್ಬೇಡಿ. ಸುಮ್ನೆ ಬಿಲ್ಡ್ ಮಾಡಿದ್ರೆ ಟೆಸ್ಟ್ ಕೀಯಲ್ಲಿ ಸೈನ್ ಆಗುತ್ತೆ. ಆ ಪ್ರೈವೇಟ್ ಕೀ ಇಡೀ ಜಗತ್ತಿಗೆ ಗೊತ್ತು, ಸೋರ್ಸ್ ಟ್ರೀಯಲ್ಲೇ ಇದೆ. ಯಾರೋ ಒಬ್ಬ ತನ್ನ ಆಪನ್ನ ಅದೇ ಪ್ಲಾಟ್‌ಫಾರ್ಮ್ ಕೀಯಲ್ಲಿ ಸೈನ್ ಮಾಡಿ, ನಿಮ್ಮಪ್ಪ ಯಾವುದೋ ಲಿಂಕ್ ಒತ್ತಿ ಅದನ್ನ ಇನ್‌ಸ್ಟಾಲ್ ಮಾಡ್ಕೊಂಡ್ರೆ, ಫೋನು ಅದನ್ನ ಮನೆಯವ್ನೇ ಅಂತ ನಂಬುತ್ತೆ. ಲಿನೇಜ್ ವಿಕಿಯಲ್ಲಿ ಸೈನಿಂಗ್ ಬಗ್ಗೆ ಪುಟ ಇದೆ, ಹಾಗೇ ಮಾಡಿ, ಎಪೆಕ್ಸ್ ಅನ್ನೋ ಸಿಸ್ಟಂ ಮಾಡ್ಯೂಲ್‌ಗಳ ಕೀಗಳನ್ನೂ ಸೇರಿಸಿ. ಫೋನ್ ಅವ್ರ ಕೈಗೆ ಕೊಡೋಕೆ ಮುಂಚೆ ಮಾಡಿ, ಆಮೇಲೆ ಕೀ ಬದ್ಲಾಯ್ಸೋದು ರಗಳೆ, ಡೇಟಾ ವೈಪ್ ಮಾಡ್ಬೇಕು ಇಲ್ಲಾ ಮೈಗ್ರೇಷನ್ ಸ್ಕ್ರಿಪ್ಟ್ ಓಡಿಸ್ಬೇಕು. ಕೀ ಫೋಲ್ಡರ್‌ನ ಬ್ಯಾಕಪ್ ಬೇರೆ ಡಿಸ್ಕಲ್ಲಿ ಇಡಿ.

ಸುಮ್ನೆ_ಬಂದೆ:

ಇದೆಲ್ಲ ಓದಿ ನಂಗೆ ತಲೆ ಗಿರ್ರ್ ಅಂತು. ಒಂದೇ ಮಾತು, ಅಪ್ಪ ಫೋನ್‌ಪೇ, ಗೂಗಲ್ ಪೇ ಬಳಸ್ತಾರಾ? ಬೂಟ್‌ಲೋಡರ್ ಅನ್‌ಲಾಕ್ ಆಗಿದ್ರೆ ಪ್ಲೇ ಇಂಟೆಗ್ರಿಟಿ ಅನ್ನೋ ಗೂಗಲ್‌ನ ಸುರಕ್ಷತಾ ಪರೀಕ್ಷೆ ಪೂರ್ತಿ ಪಾಸ್ ಆಗಲ್ಲ, ಅದನ್ನ ಚೆಕ್ ಮಾಡೋ ಬ್ಯಾಂಕ್ ಆಪ್‌ಗಳು ಓಪನ್ನೇ ಆಗಲ್ಲ. ಇವತ್ತು ಓಡ್ತಾ ಇರೋದು ನಾಳೆ ಆಪ್ ಅಪ್‌ಡೇಟ್ ಆದ್ಮೇಲೆ ನಿಂತೋಗ್ಬಹುದು. ತರಕಾರಿ ಅಂಗಡೀಲಿ ನಿಂತ್ಕೊಂಡು ನಿಮಗೆ ಫೋನ್ ಮಾಡ್ತಾರೆ ನೋಡಿ ಆಗ ಗೊತ್ತಾಗುತ್ತೆ.

ತುಂಗಾತೀರ:

ಯುಪಿಐಗೆ ಅವ್ರ ಹಳೇ ಫೋನೇ ಇರುತ್ತೆ, ಇದು ಪೇಪರ್, ಯೂಟ್ಯೂಬ್, ವಿಡಿಯೋ ಕಾಲ್‌ಗೆ ಮಾತ್ರ.

ಅಪ್‌ಡೇಟು: 48 ಜಿಬಿ ಸ್ವಾಪ್ ಹಾಕಿ, ಊಮ್‌ಡಿ ನಿಲ್ಸಿ, ಜಾಬ್ಸ್ 4 ಕೊಟ್ಟೆ. ಸೂಂಗ್ ದಾಟ್ತು!! ಲ್ಯಾಪ್‌ಟಾಪ್ ಆ ಹೊತ್ತಲ್ಲಿ ಗಡಿಯಾರ ಕೂಡ ಬದ್ಲಾಯ್ಸಲಿಲ್ಲ, ಆದ್ರೂ ಬಿಡದೆ ಓಡ್ತು. ರಾತ್ರಿ ಬಿಟ್ಟು ಮಲಗಿದ್ದೆ. ಬೆಳಗ್ಗೆ ನೋಡಿದ್ರೆ ಮುಕ್ಕಾಲು ಭಾಗ ಮುಗ್ಸಿ ನಿಂತಿದೆ, ಈ ಸಲ ಸರಿಯಾದ ಎರರ್ರೇ ಇದೆ, ವೆಬ್‌ವ್ಯೂ (ಆಪ್ ಒಳಗೆ ವೆಬ್ ಪುಟ ತೋರಿಸೋ ಭಾಗ) ಎಪಿಕೆ ಹತ್ರ, ಝಿಪ್ ಫೈಲ್ ಓಪನ್ ಆಗ್ತಿಲ್ಲ ಅನ್ನೋ ಥರ. ಸಿಂಕ್ ಮಾಡುವಾಗ ಫೈಲ್ ಕರಪ್ಟ್ ಆಗಿರ್ಬಹುದಾ? ಇಡೀ ಸಿಂಕ್ ಮತ್ತೆ ಮಾಡ್ಬೇಕಾ? ದಯವಿಟ್ಟು ಬೇಡ ಅನ್ನಿ.

ನಿದ್ದೆಗೆಟ್ಟವ:

ಬೇಡ 😄

ಆ ಎಪಿಕೆನ ಕ್ಯಾಟ್ ಕಮಾಂಡಲ್ಲಿ ತೆಗ್ದು ನೋಡಿ. ಮೂರು ಸಾಲಿನ ಟೆಕ್ಸ್ಟ್ ಬರುತ್ತೆ, ವರ್ಷನ್, ಓಐಡಿ, ಸೈಜ್ ಅಂತ. ಬಂದ್ರೆ ಅದು ಎಪಿಕೆ ಅಲ್ಲ, ಗಿಟ್ ಎಲ್‌ಎಫ್‌ಎಸ್ ಪಾಯಿಂಟರು, ಅಂದ್ರೆ ದೊಡ್ಡ ಫೈಲಿನ ಬದ್ಲು ಅದನ್ನ ಗುರುತಿಸೋ ಚೀಟಿ ಅಷ್ಟೇ. ಕ್ರೋಮಿಯಂ ವೆಬ್‌ವ್ಯೂನ ಬಿಲ್ಡ್ ಮಾಡೋದೇ ಬೇರೆ ದೊಡ್ಡ ಕೆಲಸ ಅಂತ ಲಿನೇಜ್‌ನವ್ರು ಅದನ್ನ ರೆಡಿ ಎಪಿಕೆಯಾಗೇ ಇಟ್ಟಿದಾರೆ, ದೊಡ್ಡ ಫೈಲ್ ಆದ್ದರಿಂದ ಎಲ್‌ಎಫ್‌ಎಸ್‌ನಲ್ಲಿದೆ. ಗಿಟ್ ಎಲ್‌ಎಫ್‌ಎಸ್ ಇನ್‌ಸ್ಟಾಲ್ ಮಾಡ್ದೇ ಸಿಂಕ್ ಕೊಟ್ರೆ ಬರೀ ಪಾಯಿಂಟರ್ ಇಳಿಯುತ್ತೆ, ಯಾರೂ ದೂರೋದಿಲ್ಲ, ಇಷ್ಟು ದೂರ ಬಂದ್ಮೇಲೆ ಕೈ ಕೊಡುತ್ತೆ.

ಪ್ಯಾಕೇಜ್ ಹಾಕಿ, ಗಿಟ್ ಎಲ್‌ಎಫ್‌ಎಸ್ ಇನ್‌ಸ್ಟಾಲ್ ಅಂತ ಒಂದ್ಸಲ ಕೊಡಿ, ರೆಪೋ ಫಾರ್‌ಆಲ್ ಬಳಸಿ ಎಲ್ಲಾ ಪ್ರಾಜೆಕ್ಟಲ್ಲೂ ಎಲ್‌ಎಫ್‌ಎಸ್ ಪುಲ್ ಮಾಡಿ. ಔಟ್ ಫೋಲ್ಡರ್ ಡಿಲೀಟ್ ಮಾಡ್ಬೇಡಿ, ಕ್ಲೀನೂ ಕೊಡ್ಬೇಡಿ. ಅದೇ ಕಮಾಂಡ್ ಮತ್ತೆ ಕೊಟ್ರೆ ನಿಂಜಾ ನಿಂತ ಕಡೆಯಿಂದ ಮುಂದುವರಿಯುತ್ತೆ.

ಹೊರನಾಡು_ಡೆವ್:

+1. ಹಾಗೇ ಕಾಯ್ತಾ ಇರುವಾಗ ಆ ಲೋಕೇಲ್ ಸಾಲು ಬರ್ದು ಸೇವ್ ಮಾಡ್ಬೇಡಿ, ಮೊದ್ಲು ಏನೂ ಬದ್ಲಾಯ್ಸದೇ ಇರೋ ಬಿಲ್ಡ್ ಒಂದ್ಸಲ ಬೂಟ್ ಆಗ್ಲಿ. ಇಲ್ಲ ಅಂದ್ರೆ ಲೋಗೋದಲ್ಲೇ ನಿಂತಾಗ ಬ್ಲಾಬ್ ತಪ್ಪಾ, ನಿಮ್ಮ ಬದಲಾವಣೆ ತಪ್ಪಾ ಅಂತ ಗೊತ್ತಾಗಲ್ಲ. ನಿಂತ್ರೆ ಎಡಿಬಿ ಲಾಗ್‌ಕ್ಯಾಟ್ ಹಿಡಿದು ಇಲ್ಲೇ ಹಾಕಿ, ಯೂಸರ್‌ಡೀಬಗ್ (ದೋಷ ಹುಡುಕೋಕೆ ಅನುಕೂಲ ಇರೋ) ಬಿಲ್ಡ್ ಆಗಿರೋದ್ರಿಂದ ಸಾಮಾನ್ಯವಾಗಿ ಸಿಗುತ್ತೆ.